ಗೋನೆಗಂಡ್ಲದ ಹಾಡು

ಐದನೆಯ ಕ್ಲಾಸಿನಲ್ಲಿದ್ದಾಗ ಟೀಚರು "ಯಾರಿಗೆ ಹಾಡು ಬರ್ತೈತಿ?" ಎಂದು ಕೇಳಿದರು. ನಾನು ಎದ್ದು ನಿಂತು, "ನಂಗ ಬರ್ತೈತ್ರಿ, ಗೋನೆಗಂಡ್ಲದ ಹಾಡು" ಎಂದೆ. ಅದ್ಯಾವುದು, ಹಾಡು ನೋಡೋಣ ಎಂದರು. ಹಾಡಿದೆ. ಅದೊಂದು ಹಳೆಯ ತೆಲುಗು ಸಿನಿಮಾದ ಹಾಡು. ಅದರಲ್ಲಿ ಗೋನೆಗಂಡ್ಲವೂ ಇಲ್ಲ, ಅದರ ಸುತ್ತಲಿನ ಹತ್ತು ಹಳ್ಳಿಯೂ ಇಲ್ಲ. ಇಡೀ ಕ್ಲಾಸು ಹೊಟ್ಟೆ ಹಿಡಿದುಕೊಂಡು ನಕ್ಕಿತು. ಸಿಟ್ಟು ಮೂಗಿನ ತುದಿಯಲ್ಲೇ ಇರುವವಳು ನಾನು. ಎಲ್ಲರಿಗಿಂತ ಜೋರಾಗಿ ನಕ್ಕವಳ ಜಡೆ ಹಿಡಿದು ಎಳೆದೆ. ಅವತ್ತು ಸಂಜೆಯ ತನಕ ಕ್ಲಾಸಿನ ಹೊರಗೆ ನಿಂತಿದ್ದೆ.

ತಪ್ಪು ನನ್ನದಲ್ಲ, ಅಪ್ಪನದು. ಅಪ್ಪ ಆದೋನಿಯಲ್ಲಿ ಬಾಡಿಗೆ ಜೀಪು ಓಡಿಸುತ್ತಿದ್ದ. ಮದುವೆಗೆ, ಆಸ್ಪತ್ರೆಗೆ, ಹೆಣ್ಣು ನೋಡುವುದಕ್ಕೆ, ಕುರಿ ಸಂತೆಗೆ, ಯಾರು ಕರೆದರೂ ಹೊರಟುಬಿಡುತ್ತಿದ್ದ. ಜೀಪಿನಲ್ಲಿ ಟೇಪ್ ರೆಕಾರ್ಡರ್ ಇತ್ತು. ಸ್ಟೀರಿಂಗ್ ಹಿಡಿದ ಮೇಲೆ ಬೇರೆ ಯಾವುದಕ್ಕೂ ಕೈ ಹಾಕಬಾರದು ಎಂಬುದು ಅಪ್ಪನ ಶಿಸ್ತು. ಅದಕ್ಕೇ ಒಂದು ಪದ್ಧತಿ ಮಾಡಿಕೊಂಡಿದ್ದ. ಒಂದೊಂದು ದಾರಿಗೆ ಒಂದೊಂದು ಕ್ಯಾಸೆಟ್. ಆದೋನಿ ಬಸ್ ಸ್ಟ್ಯಾಂಡ್ ದಾಟುತ್ತಲೇ ಮೊದಲನೆಯ ಹಾಡು ಶುರು. ಮನೆಗೆ ಬಂದ ಮೇಲೆ ಕ್ಯಾಸೆಟ್ಟನ್ನು ಮತ್ತೆ ಮೊದಲಿಗೆ ಸುತ್ತಿ ಇಡುತ್ತಿದ್ದ. ಜೀಪಿನ ವೇಗ ಎಂದೂ ಹೆಚ್ಚಿದ್ದಿಲ್ಲ, ಎಂದೂ ತಗ್ಗಿದ್ದಿಲ್ಲ. ಹೀಗಾಗಿ ಅದೇ ಹಾಡು ಯಾವತ್ತೂ ಅದೇ ಊರಿನ ಹತ್ತಿರ ಬರುತ್ತಿತ್ತು. ರೈಲ್ವೆ ಗೇಟು ಬಿದ್ದರೆ ಟೇಪನ್ನೂ ನಿಲ್ಲಿಸುತ್ತಿದ್ದ.

"ಗಾಡಿ ನಿಂತ್ರ ಹಾಡೂ ನಿಲ್ಲಬೇಕು. ಇಲ್ಲಾಂದ್ರ ಊರು ತಪ್ಪತೈತಿ" ಎನ್ನುತ್ತಿದ್ದ.

ಎಮ್ಮಿಗನೂರಿನ ತನಕ ಒಂದೇ ದಾರಿ. ಅಲ್ಲಿಂದ ನಂದವರಂಗೆ ಒಂದು ಕಡೆ, ಗೋನೆಗಂಡ್ಲಕ್ಕೆ ಇನ್ನೊಂದು ಕಡೆ. ಅಲ್ಲಿ ಅಪ್ಪ ಗಾಡಿ ನಿಲ್ಲಿಸಿ, ದಾರಿಗೆ ತಕ್ಕ ಹಾಗೆ ಕ್ಯಾಸೆಟ್ ಬದಲಿಸುತ್ತಿದ್ದ. ಕೌತಾಳಂ ಕಡೆಯ ಹಾಡುಗಳೇ ಬೇರೆ. ನಮ್ಮ ಮನೆಯಲ್ಲಿ ಯಾವ ಹಾಡಿಗೂ ಸಿನಿಮಾದ ಹೆಸರಿರಲಿಲ್ಲ, ಪಲ್ಲವಿಯ ಹೆಸರೂ ಇರಲಿಲ್ಲ. ಅವ್ವ ರೊಟ್ಟಿ ಬಡಿಯುತ್ತ "ಆ ಕೌತಾಳಂದು ಹಾಡ್ರಿ" ಎಂದರೆ ಅಪ್ಪ ಹಾಡುತ್ತಿದ್ದ. ಒಳ್ಳೆಯ ಕಂಠ ಅವನದು. ಅಪ್ಪ ಹಾಡುತ್ತಾನೆ ಎಂದೇ ಇನ್ನೊಂದು ಜೀಪು ಖಾಲಿ ನಿಂತಿದ್ದರೂ ಅವನಿಗಾಗಿ ಕಾಯುವ ಜನ ಇದ್ದರು.

ಮೂವತ್ತು ವರ್ಷ ಕಿಟಕಿ ತೆರೆದುಕೊಂಡು ಡೀಸೆಲ್ ಎಂಜಿನ್ನಿನ ಪಕ್ಕ ಕೂತವನ ಕಿವಿ ಎಷ್ಟು ದಿನ ತಡೆದೀತು? ಮೊದಲು ಬಲಗಿವಿ ಹೋಯಿತು. ಆಮೇಲೆ ಎಡಗಿವಿಯೂ ಅದರ ಹಿಂದೆಯೇ ಹೊರಟಿತು. ಜೀಪು ಹೋಗಿ ಸೆಕೆಂಡ್ ಹ್ಯಾಂಡ್ ಕಾರು ಬಂದಿತ್ತು. ಒಂದು ದಿನ ಲಾರಿಯ ಹಾರ್ನ್ ಕೇಳಿಸದೆ ಕೂದಲೆಳೆಯಲ್ಲಿ ಪಾರಾದ. ಮನೆಗೆ ಬಂದು ಕೀಲಿಕೈಯನ್ನು ನನ್ನ ಅಂಗೈಯಲ್ಲಿಟ್ಟು, "ಇನ್ನ ನೀನ ಓಡಸು" ಎಂದ. ಡ್ರೈವಿಂಗ್ ಕಲಿಸಿದ್ದೂ ಅವನೇ. ನಾನು ಹತ್ತಿ ಮಿಲ್ಲಿನ ಆಫೀಸಿನಲ್ಲಿ ಕಂಪ್ಯೂಟರ್ ಕೆಲಸ ಮಾಡುವವಳು. ಬಿಡುವಿನ ದಿನ ಅಪ್ಪ ಅವ್ವನನ್ನು ಕೂರಿಸಿಕೊಂಡು ಸುತ್ತುವುದೇ ನನಗೆ ಹಬ್ಬವಾಗಿತ್ತು.

ಕಿವಿಗೆ ಮಷಿನ್ ಹಾಕಿಸಿದೆವು. ಮನೆಯಲ್ಲಿ ಎದುರು ಕೂತು ಮಾತಾಡಿದರೆ ಅರ್ಧಂಬರ್ಧ ಕೇಳುತ್ತಿತ್ತು. ಕಾರಿನಲ್ಲಿ ಮಾತ್ರ, "ಬರೇ ಹಪ್ಪಳ ಕರದಂಗ ಆಗ್ತೈತಿ" ಎಂದು ತೆಗೆದು ಜೇಬಿನಲ್ಲಿ ಇಟ್ಟುಕೊಳ್ಳುತ್ತಿದ್ದ. ಹಾಡುವುದನ್ನು ಬಿಟ್ಟ. ಬರಬರುತ್ತ ಕಾರು ಹತ್ತುವುದನ್ನೂ ಕಡಿಮೆ ಮಾಡಿದ. ಒಂದು ದಿನ ಊಟಕ್ಕೆ ಕೂತಾಗ ಹೇಳಿಯೇಬಿಟ್ಟ.

"ಅಮಾಸಿ ಪೂಜೆ ಆದ ಮ್ಯಾಲ ಆ ಟೇಪು ಬಿಚ್ಚಿಸಿ ಯಾರಿಗರೆ ಕೊಟ್ಟುಬಿಡು. ಕ್ವಾಣನ ಮುಂದ ಕಿನ್ನರಿ ಯಾಕ? ಇನ್ನ ಕಾರಿನ್ಯಾಗ ಬಾ ಅಂತ ನನ್ನ ಕರೀಬ್ಯಾಡ. ನೀನು, ನಿಮ್ಮವ್ವ ಹೋಗಿ ಬರ್ರಿ."

ಕಾರಿನಲ್ಲಿದ್ದದ್ದು ಸೀಡಿ ಪ್ಲೇಯರು, ಆದರೆ ನಮ್ಮಲ್ಲಿ ಅದಕ್ಕೂ ಟೇಪೆಂದೇ ಹೆಸರು. ಪ್ರತಿ ಅಮಾವಾಸ್ಯೆಗೆ ಗಾಡಿಗೆ ಕಾಯಿ ಒಡೆದು ನಿಂಬೆಹಣ್ಣು ಕಟ್ಟುವುದು ಅಪ್ಪನ ನೇಮ. ಪೂಜೆಗೆ ಮೊದಲು ಗಾಡಿಯಿಂದ ಒಂದು ಬೋಲ್ಟನ್ನೂ ತೆಗೆಯಲು ಬಿಡುತ್ತಿರಲಿಲ್ಲ. ಅಮಾವಾಸ್ಯೆಗೆ ಇನ್ನೂ ಒಂಬತ್ತು ದಿನ ಇತ್ತು. ಅಷ್ಟರಲ್ಲಿ ಏನಾದರೂ ಮಾಡದಿದ್ದರೆ ಟೇಪಿನ ಜೊತೆ ಅಪ್ಪನೂ ಕಾರಿನಿಂದ ಇಳಿದುಹೋಗುತ್ತಾನೆ ಎಂದು ನನಗೆ ಭಯವಾಯಿತು. ಅವ್ವ ಮುಖ ತಿರುಗಿಸಿಕೊಂಡು ಸಾರು ಬಡಿಸಿದಳು.

ಹಿಂದೆ ಯಾರೋ ಕೊಟ್ಟಿದ್ದ ಕಂಪನಿ ಸೀಡಿಯೊಂದನ್ನು ಹಾಕಿದಾಗ ಆ ಪ್ಲೇಯರಿನ ಮುಖದ ಮೇಲಿನ ನೀಲಿ ಬೆಳಕಿನ ಪಟ್ಟಿಯಲ್ಲಿ ಹಾಡಿನ ಹೆಸರು ಬಂದದ್ದು ನನಗೆ ನೆನಪಿತ್ತು. ಕಿವಿ ಹೋದರೇನು, ಅಪ್ಪನ ಕಣ್ಣು ಹದ್ದಿನ ಕಣ್ಣು. ಯಾವ ಹಾಡು ಬರುತ್ತಿದೆ ಎಂದಷ್ಟೇ ತೋರಿಸಿದರೆ ಸಾಕು, ಮಿಕ್ಕದ್ದೆಲ್ಲ ಅವನ ತಲೆಯಲ್ಲೇ ಇದೆ. ಹೀಗೆಂದುಕೊಂಡು ಮದುವೆ ಫೋಟೋ ತೆಗೆಯುವ ಸ್ಟುಡಿಯೋಗೆ ಹೋದೆ. ಊರಲ್ಲಿ ಸೀಡಿ ಬರೆಯುವ ಕಂಪ್ಯೂಟರ್ ಉಳಿದಿದ್ದದ್ದು ಅಲ್ಲೇ.

"ಈ ಜಮಾನಾದಾಗ ಸೀಡಿ ಯಾರು ಕೇಳ್ತಾರ ಅಕ್ಕಾ? ಹೊಸ ಸೆಟ್ ಹಾಕ್ಸು, ಫೋನಿನಿಂದಾನೇ ಹಾಡು ಬರ್ತೈತಿ" ಎಂದ ಸ್ಟುಡಿಯೋದವನು.

"ನಮ್ಮಪ್ಪನ ಕೈಗೆ ಈ ಟೇಪಿನ ಗುಂಡಿ ಗೊತ್ತದಾವ. ಹೊಸಾದು ಬ್ಯಾಡ. ನೀನು ಬರ್ನ್ ಮಾಡು, ಬುದ್ಧಿ ಆಮ್ಯಾಲ ಹೇಳು" ಎಂದೆ. ಅವನು ನಕ್ಕು, ಧೂಳು ಹಿಡಿದ ಡಬ್ಬಿಯಿಂದ ಖಾಲಿ ಸೀಡಿ ತೆಗೆದ.

ಮೊದಲನೆಯ ಸೀಡಿಯಲ್ಲಿ ಟ್ರ್ಯಾಕ್ ಒಂದು, ಟ್ರ್ಯಾಕ್ ಎರಡು ಎಂದಷ್ಟೇ ಬಂತು. ಫೈಲಿಗೆ ಹೆಸರು ಕೊಟ್ಟರೆ ಸಾಲದು, ಬರೆಯುವ ಮುಂಚೆ ಸೀಡಿ ಟೆಕ್ಸ್ಟ್ ಎಂಬಲ್ಲಿ ಗುರುತು ಹಾಕಿ, ಪ್ರತಿ ಹಾಡಿನ ಹೆಸರನ್ನೂ ಬೇರೆಯಾಗಿ ತುಂಬಬೇಕು ಎಂದು ಆಮೇಲೆ ತಿಳಿಯಿತು. ಎರಡನೆಯದಕ್ಕೆ ಕನ್ನಡದಲ್ಲಿ ತುಂಬಿದೆ. ಪಟ್ಟಿಯ ತುಂಬ ನಕ್ಷತ್ರ ಬಂದವು. ಆ ಪ್ಲೇಯರಿಗೆ ಕನ್ನಡವೂ ಬರದು, ತೆಲುಗೂ ಬರದು. ಮೂರನೆಯದಕ್ಕೆ ಇಂಗ್ಲಿಷಿನಲ್ಲಿ ಪೂರ್ತಿ ಪಲ್ಲವಿ ತುಂಬಿ, ಅಪ್ಪನನ್ನು ಕೈಹಿಡಿದು ಎಳೆದುಕೊಂಡು ಹೋಗಿ ಕಾರಿನಲ್ಲಿ ಕೂರಿಸಿದೆ. ಅಕ್ಷರಗಳು ಬಲದಿಂದ ಎಡಕ್ಕೆ ಓಡತೊಡಗಿದವು. ಅಪ್ಪ ಕತ್ತು ಚಾಚಿ ನೋಡಿದ, ಕಣ್ಣು ಕಿರಿದು ಮಾಡಿ ನೋಡಿದ.

"ಇರಿವಿ ಸಾಲು ಹೋದಂಗ ಹೋಗ್ತೈತಲ್ಲವ್ವಾ" ಎಂದ. ಅಪ್ಪ ಓದಿದ್ದು ನಾಲ್ಕನೆಯ ತರಗತಿ. ಕನ್ನಡ, ತೆಲುಗು ಎರಡನ್ನೂ ಸರಾಗ ಓದುತ್ತಾನೆ. ಇಂಗ್ಲಿಷ್ ಬರುವುದಿಲ್ಲ ಎಂಬುದು ನನ್ನ ಉತ್ಸಾಹದಲ್ಲಿ ನನಗೆ ಮರೆತೇಹೋಗಿತ್ತು. ಅವನು ಬಾಗಿಲು ತೆಗೆದು ಇಳಿದು, "ಬಿಡವ್ವಾ, ಸಾಕು" ಎಂದು ಒಳಗೆ ಹೋದ. ನನಗೆ ಅಳು ಬಂತು. ಆ ಕಿವಿಯ ಮೇಲೆ, ಆ ಪ್ಲೇಯರಿನ ಮೇಲೆ, ನನ್ನ ದಡ್ಡತನದ ಮೇಲೆ ಎಲ್ಲದರ ಮೇಲೂ ಸಿಟ್ಟು ಬಂತು.

ಅಮಾವಾಸ್ಯೆಗೆ ಮೂರು ದಿನ ಇರುವಾಗ ಮಷಿನ್ ಸರಿಮಾಡಿಸಲು ಅಪ್ಪನನ್ನು ಎಮ್ಮಿಗನೂರಿಗೆ ಕರೆದುಕೊಂಡು ಹೊರಟೆ. ಬೈಪಾಸಿನಲ್ಲಿ ಹೊಸದಾಗಿ ಹಸಿರು ಬೋರ್ಡು ನೆಟ್ಟಿದ್ದರು, ಬರೀ ಇಂಗ್ಲಿಷಿನದು. ಅಪ್ಪ ಅದನ್ನು ನೋಡುತ್ತ ಯಾರಿಗೋ ದಾರಿ ಹೇಳುವವನಂತೆ, "ಎಮ್ಮಿಗನೂರು ನೆಟ್ಟಗ, ಕೌತಾಳಂ ಎಡಕ್ಕ" ಎಂದ. ನಾನು ಗಾಡಿ ಪಕ್ಕಕ್ಕೆ ಹಾಕಿ ಅವನ ಮುಖ ತಿರುಗಿಸಿ, ಎಡಗಿವಿಯ ಹತ್ತಿರ ಬಾಯಿ ಇಟ್ಟು ಕೂಗಿದೆ.

"ಅಪ್ಪಾ, ಇಂಗ್ಲಿಷ್ ಹೆಂಗ ಓದಿದಿ?"

"ನಾ ಎಲ್ಲಿ ಓದೀನಿ? ಮೂವತ್ತು ವರ್ಷ ಇವನ್ನ ನೋಡಕೋತ ಓಡ್ಯಾಡೀನಿ. ಅಕ್ಷರ ಗೊತ್ತಿಲ್ಲ, ಮಾರಿ ಗುರುತೈತಿ" ಎಂದು ನಕ್ಕ.

ಕಂಕುಳಲ್ಲಿ ಕೂಸು ಇಟ್ಟುಕೊಂಡು ಊರೆಲ್ಲ ಹುಡುಕಿದ ಹಾಗಾಗಿತ್ತು ನನ್ನ ಕತೆ. ಸಂಜೆ ಮನೆಗೆ ಬಂದವಳೇ ಅಟ್ಟದ ಮೇಲಿನ ತಗಡಿನ ಪೆಟ್ಟಿಗೆ ಇಳಿಸಿದೆ. ಕ್ಯಾಸೆಟ್ಟುಗಳ ಟೇಪು ಬೂಸಲು ಹಿಡಿದಿತ್ತು, ಆದರೆ ಡಬ್ಬಿಯೊಳಗಿನ ರಟ್ಟಿನ ಮೇಲೆ ಅಪ್ಪನ ಕೈಬರಹ ಇತ್ತು. ಅರ್ಧ ಕನ್ನಡ, ಅರ್ಧ ತೆಲುಗು. ಹಾಡಿನ ಮುಂದೆ ಊರು, ಹಾಡಿನ ಮುಂದೆ ಊರು. ಪಕ್ಕದಲ್ಲಿ ಕೂತ ಅವ್ವ ಒಂದೊಂದನ್ನೂ ಎರಡು ಸಾಲು ಗುನುಗಿ ಗುರುತು ಹಿಡಿದುಕೊಟ್ಟಳು.

ಮರುದಿನ ಸ್ಟುಡಿಯೋದಲ್ಲಿ ಆ ಹಾಡುಗಳನ್ನು ನೆಟ್ಟಿನಿಂದ ಇಳಿಸಿಕೊಂಡು, ಎಮ್ಮಿಗನೂರಿನ ಆಚೆಯ ಎರಡೂ ದಾರಿಯ ಹಾಡನ್ನು ಒಂದೇ ಸೀಡಿಯ ಕೊನೆಗೆ ಇಟ್ಟು, ಹೆಸರು ತುಂಬುತ್ತಿದ್ದೆ. ದೊಡ್ಡ ಅಕ್ಷರದಲ್ಲಿ, ರಸ್ತೆಯ ಬೋರ್ಡಿನಲ್ಲಿ ಇರುವ ಹಾಗೆಯೇ ಊರಿನ ಹೆಸರು, ಒಂದಕ್ಷರ ಹೆಚ್ಚಿಲ್ಲ. ಓಡದೆ ನಿಲ್ಲಬೇಕಲ್ಲ. ಸ್ಟುಡಿಯೋದವನು ಹಿಂದೆ ನಿಂತು, "ಹಾಡಿಗೆ ಊರಿನ ಹೆಸರಾ? ಇದೇನು ಬಸ್ಸಾ ಅಕ್ಕಾ?" ಎಂದು ಕಿಸಕ್ಕೆಂದ. ಐದನೆಯ ಕ್ಲಾಸಿನ ನಗು ನೆನಪಾಯಿತು. ಎಳೆಯಲು ಅವನಿಗೆ ಜಡೆ ಇರಲಿಲ್ಲ. ಅದಕ್ಕೆ ಬಾಯಿಂದಲೇ ಜಾಡಿಸಿದೆ. ಜಗಳ ಆಡುತ್ತಲೇ ಕೊನೆಯ ಹೆಸರುಗಳನ್ನು ತುಂಬಿ, ನಿಧಾನದ ವೇಗದಲ್ಲಿ ಸೀಡಿ ಬರೆಸಿಕೊಂಡು ಬಂದೆ.

ಅಮಾವಾಸ್ಯೆಯ ಬೆಳಿಗ್ಗೆ ಅಪ್ಪ ಕಾರಿಗೆ ನೀರು ಹಾಕಿ ಒರೆಸಿ, ಅರಿಷಿಣ ಕುಂಕುಮ ಹಚ್ಚಿ, ಕಾಯಿ ಒಡೆದ. ಪೂಜೆ ಆಗುತ್ತಲೇ ಅವನ ಮುಂದೆ ಕೈಜೋಡಿಸಿದೆ, "ಒಂದ ಸಲ ಬಾ. ಗೋನೆಗಂಡ್ಲಕ್ಕ ಹೋಗಿ ಬರಾಣು. ಆಮ್ಯಾಲ ಬಿಚ್ಚಿಸ್ತೀನಿ." ಅವ್ವ ಆಗಲೇ ಹಿಂದಿನ ಸೀಟಿನಲ್ಲಿ ಕೂತಿದ್ದಳು. ಅಪ್ಪ ನಿಟ್ಟುಸಿರು ಬಿಟ್ಟು ಮುಂದೆ ಹತ್ತಿದ.

ಬಸ್ ಸ್ಟ್ಯಾಂಡ್ ದಾಟುತ್ತಲೇ ಸೀಡಿ ಹಾಕಿದೆ. ನೀಲಿ ಪಟ್ಟಿಯಲ್ಲಿ ಆದೋನಿ ಎಂದು ಬಂತು, ಅಲುಗಾಡದೆ ನಿಂತಿತು. ಅಪ್ಪ ನೋಡಿದ. ನನ್ನ ಕಡೆ ತಿರುಗಿದ. ಮತ್ತೆ ಅದನ್ನು ನೋಡಿದ. ಹಾಡು ಬದಲಾದ ಹಾಗೆ ಊರು ಬದಲಾಯಿತು. ನಾನು ಅಪ್ಪನಿಗಿಂತ ಜೋರಾಗಿ ಓಡಿಸುವವಳು. ಒಂದು ಕಡೆ ಅವನು ಕೈಯೆತ್ತಿ, "ಮೆಲ್ಲಕ, ಹಾಡಿಗಿಂತ ಮುಂದ ಹೊಂಟಿ" ಎಂದ. ವೇಗ ತಗ್ಗಿಸಿದೆ. ಪ್ರತಿ ಹೆಸರನ್ನೂ ಓದುತ್ತಿದ್ದ, ಎಡಗೈಯನ್ನು ಬಾಗಿಲಿನ ಸ್ಪೀಕರಿನ ಮೇಲೆ ಇಟ್ಟಿದ್ದ. ಆದರೆ ತುಟಿ ತೆರೆಯಲಿಲ್ಲ. ಎಮ್ಮಿಗನೂರೂ ದಾಟಿತು. ಕನ್ನಡಿಯಲ್ಲಿ ಅವ್ವ ನನ್ನನ್ನೇ ನೋಡುತ್ತಿದ್ದಳು. ಓದಿದರೆ ಸಾಕೇ, ಹಾಡಬೇಡವೇ ಎಂದು ನನ್ನ ಜೀವ ಒದ್ದಾಡುತ್ತಿತ್ತು.

ಗೋನೆಗಂಡ್ಲ ಹತ್ತಿರ ಬಂತು. ಹೊಸ ಹಾಡು ಶುರುವಾಯಿತು. ನಾನು ಕ್ಲಾಸಿನಲ್ಲಿ ಹಾಡಿದ ಅದೇ ಹಾಡು. ಪಟ್ಟಿ ನೋಡಿದೆ. ನಂದವರಂ ಎಂದಿತ್ತು.

ಜಗಳದ ಭರದಲ್ಲಿ ಕೊನೆಯ ಎರಡು ಹೆಸರನ್ನು ಅದಲು ಬದಲು ತುಂಬಿದ್ದೆ. ಎಲ್ಲ ಬಿಟ್ಟು ಇದೇ ಹಾಡಿಗೆ! ಕೇಳದವನಿಗೆ ಸುಳ್ಳು ಹೆಸರು ತೋರಿಸಿದ ಹಾಗಾಯಿತಲ್ಲ, ಈಗ ಅವನು ಹಾಡಿದರೂ ಬೇರೆ ಹಾಡನ್ನೇ ಹಾಡುತ್ತಾನಲ್ಲ ಎಂದು ನಾಚಿಕೆಯಾಯಿತು. ಅವನಿಗೆ ಗೊತ್ತಾಗುವ ಮೊದಲೇ ಮುಂದಿನದಕ್ಕೆ ಹಾರಿಸೋಣ ಎಂದು ಗುಂಡಿಗೆ ಕೈ ಚಾಚಿದೆ. ಅಪ್ಪ ನನ್ನ ಕೈ ತಳ್ಳಿದ. ಅಂಗೈಯನ್ನು ಸ್ಪೀಕರಿಗೆ ಒತ್ತಿ ಹಿಡಿದು, ಕಣ್ಣು ಮುಚ್ಚಿದ.

"ಬೋರ್ಡು ತಪ್ಪು ಹಾಕೀಯಲ್ಲವ್ವಾ" ಎಂದ. "ಇದು ನಂದವರಂ ಅಲ್ಲ. ಗೋನೆಗಂಡ್ಲ."

ಆಮೇಲೆ ಹಾಡಿದ. ಎರಡನೆಯ ಸಾಲಿನ ನಡುವಿನಿಂದ, ಅಂಗೈಗೆ ತಾಗುವ ಬಡಿತಕ್ಕೆ ಸರಿಯಾಗಿ. ಕಂಠ ಒಡೆದಿತ್ತು, ಶ್ರುತಿ ಎತ್ತೆತ್ತಲೋ ಹೋಗುತ್ತಿತ್ತು, ತಾಳ ಮಾತ್ರ ಎಳ್ಳಷ್ಟೂ ತಪ್ಪಲಿಲ್ಲ. ಅವ್ವ ಹಿಂದಿನಿಂದ ನನ್ನ ಹೆಗಲಿಗೆ ಒಂದೇಟು ಹಾಕಿದಳು, ಯಾಕೆಂದು ಅವಳಿಗೂ ಗೊತ್ತಿರಲಿಕ್ಕಿಲ್ಲ. ನನಗೆ ರಸ್ತೆ ಮಸುಕಾಯಿತು. ಬೇವಿನ ಮರದ ಕೆಳಗೆ ಗಾಡಿ ನಿಲ್ಲಿಸಿದೆ.

ಅಪ್ಪ ಹಾಡು ನಿಲ್ಲಿಸಿ, ಕೈ ಚಾಚಿ ಟೇಪನ್ನೂ ನಿಲ್ಲಿಸಿದ.

"ಗಾಡಿ ನಿಂತ್ರ ಹಾಡೂ ನಿಲ್ಲಬೇಕು" ಎಂದ. "ಕಣ್ಣು ಒರಸ್ಕೊ, ನಡಿ. ಊರು ತಪ್ಪತೈತಿ."