ತಮ್ಮನ ಸ್ಟೆಮ್ ಸೆಲ್, ನನ್ನ ಕಸರತ್ತು

ನನಗೂ ನನ್ನ ತಮ್ಮನಿಗೂ ಒಂದೇ ಕಾಯಿಲೆ. ಅದರ ಹೆಸರು ಮಸ್ಕ್ಯುಲರ್ ಡಿಸ್ಟ್ರೋಫಿ ಎಂದು ಗೊತ್ತಾದಾಗ ನನಗೆ ಮೂವತ್ತನಾಲ್ಕು ವರ್ಷ, ಅವನಿಗೆ ಮೂವತ್ತೆರಡು. ಅದಕ್ಕೂ ನಾಲ್ಕೈದು ವರ್ಷ ಮೊದಲಿನಿಂದಲೇ ನಾನು ಸ್ಟೇಷನ್ ಮೆಟ್ಟಿಲು ಹತ್ತುವಾಗ ಕಂಬಿ ಬಿಡುತ್ತಿರಲಿಲ್ಲ. ಅವನು ನೆಲದಿಂದ ಏಳಬೇಕಾದರೆ ತೊಡೆಯ ಮೇಲೆ ಒಂದೊಂದೇ ಕೈ ಊರಿ, ತನ್ನ ಮೈಯನ್ನೇ ತಾನು ಹತ್ತುವವನಂತೆ ಎದ್ದು ನಿಲ್ಲುತ್ತಿದ್ದ. ಅಮ್ಮ ಇಬ್ಬರನ್ನೂ ಸೋಮಾರಿಗಳೆಂದು ಬೈಯುತ್ತಿದ್ದಳು.

ನರರೋಗದ ಡಾಕ್ಟರು ಮರಾಠಿಯವರು, ಹಿಂದಿಯಲ್ಲಿ ನಿಧಾನವಾಗಿ ವಿವರಿಸಿದರು. ಅಪ್ಪನಿಂದ ಒಂದು, ಅಮ್ಮನಿಂದ ಒಂದು, ಹೀಗೆ ಎರಡು ದೋಷವಿರುವ ಜೀನುಗಳು ನಮಗೆ ಬಂದಿವೆ. ಸೊಂಟ, ತೊಡೆ, ಭುಜದ ಸ್ನಾಯುಗಳು ವರ್ಷದಿಂದ ವರ್ಷಕ್ಕೆ ಸೊರಗುತ್ತವೆ. ಗುಣಪಡಿಸುವ ಔಷಧ ಇನ್ನೂ ಇಲ್ಲ. ನಾನು ಅಳುತ್ತಾ ಕೂತಿದ್ದೆ. ತಮ್ಮ ಡಾಕ್ಟರನ್ನು ಕೇಳಿದ, "ನಮ್ಮಿಬ್ಬರಲ್ಲಿ ಯಾರದ್ದು ಮುಂದಿದೆ?"

ಡಾಕ್ಟರಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. "ನಿಮ್ಮ ಅಕ್ಕನದು, ಸ್ವಲ್ಪ," ಎಂದರು.

ಅವನು ನನ್ನ ಕಡೆ ತಿರುಗಿ, "ನೋಡು, ಇದರಲ್ಲೂ ನೀನೇ ಫಸ್ಟು," ಎಂದ. ನಾನು ಅಳುತ್ತಲೇ ನಕ್ಕುಬಿಟ್ಟೆ. ಹೊರಗೆ ಬೆಂಚಿನ ಮೇಲಿದ್ದ ಅಮ್ಮ ನನ್ನ ಮುಖ ನೋಡಿ ಸುದ್ದಿ ಒಳ್ಳೆಯದೋ ಕೆಟ್ಟದ್ದೋ ತಿಳಿಯದೆ ಕಕ್ಕಾಬಿಕ್ಕಿಯಾದಳು.

ನಾವು ಹುಟ್ಟಿ ಬೆಳೆದದ್ದು ಮುಂಬೈಯ ಆಂಟಾಪ್ ಹಿಲ್‌ನಲ್ಲಿ. ಅಪ್ಪ ಮಂಡ್ಯದ ಕಡೆಯಿಂದ ನೌಕರಿಗೆ ಬಂದು ಇಲ್ಲೇ ನಿಂತವರು; ಈಗ ಅವರಿಲ್ಲ. ನಾನು ಅಮ್ಮನ ಜೊತೆ ಅಲ್ಲೇ ಇದ್ದೇನೆ, ಬಾಂದ್ರಾದ ಒಂದು ಕಚೇರಿಯಲ್ಲಿ ಕೆಲಸ. ತಮ್ಮ ಹೆಂಡತಿಯೊಂದಿಗೆ ಕಾಂದಿವಲಿಯಲ್ಲಿದ್ದಾನೆ. ಅಲ್ಲಿಯ ಇಂಡಸ್ಟ್ರಿಯಲ್ ಎಸ್ಟೇಟಿನ ಕಾರ್ಖಾನೆಯೊಂದರಲ್ಲಿ ಬಾಟಲಿ ಮುಚ್ಚಳ ತಯಾರಾಗುತ್ತದೆ, ಮುಚ್ಚಳಗಳ ಅಳತೆ ಸರಿಯಿದೆಯೇ ಎಂದು ನೋಡುವುದು ಅವನ ಉದ್ಯೋಗ. ಮನೆಯಲ್ಲಿ ಇಡ್ಲಿಯ ದಪ್ಪವನ್ನೂ ಅಳೆಯುವ ಆಸಾಮಿ ಅವನು.

ಹೀಗೆ ಏಳೆಂಟು ವರ್ಷ ಕಳೆದವು. ಒಂದು ಭಾನುವಾರ ಬೆಳಿಗ್ಗೆ ಅವನ ಫೋನು ಬಂತು.

"ಅಕ್ಕ, ಸ್ಟೆಮ್ ಸೆಲ್ ಅಂತ ಒಂದು ಟ್ರೀಟ್‌ಮೆಂಟ್ ಇದೆ ಕಣೆ. ನಮ್ಮದೇ ಮೂಳೆಮಜ್ಜೆ ತೆಗೆದು, ಅದರೊಳಗಿನ ಸೆಲ್ ಬೇರೆ ಮಾಡಿ, ಬೆನ್ನುಹುರಿ ಹತ್ತಿರಾನೂ ಮಸಲ್‌ಗೂ ಇಂಜೆಕ್ಷನ್ ಕೊಡ್ತಾರೆ. ಒಂದು ಕಡೆ ಮಾತಾಡ್ಕೊಂಡು ಬಂದಿದೀನಿ. ಇಬ್ಬರೂ ಮಾಡಿಸ್ಕೊಳೋಣ."

ಸ್ಪೀಕರಿನಲ್ಲಿ ಕೇಳುತ್ತಿದ್ದ ಅಮ್ಮ ಕೂಡಲೇ, "ಸ್ಟೀಮ್ ತಾನೆ? ಅದಕ್ಕೆ ಆಸ್ಪತ್ರೆ ಯಾಕೋ? ನೀಲಗಿರಿ ಎಣ್ಣೆ ಇಲ್ಲೇ ಇದೆ," ಎಂದಳು. ಆಮೇಲೆ ಎಷ್ಟು ತಿದ್ದಿದರೂ ಅವಳ ಬಾಯಲ್ಲಿ ಅದು ಸ್ಟೀಮ್ ಆಗಿಯೇ ಉಳಿಯಿತು.

ಮೊದಲು ನಮ್ಮ ಡಾಕ್ಟರನ್ನು ಕೇಳೋಣ ಎಂದು ನಾನು ಹಟ ಹಿಡಿದೆ. ಹೋದೆವು. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ನಾನು ಇದನ್ನು ಸಲಹೆ ಮಾಡುವುದಿಲ್ಲ. ನಿಮ್ಮ ಕಾಯಿಲೆಗೆ ಇದು ಕೆಲಸ ಮಾಡುತ್ತದೆ ಅನ್ನುವುದಕ್ಕೆ ಸಾಕಷ್ಟು ಪುರಾವೆ ಇಲ್ಲ. ಇನ್ನೊಂದು ಮಾತು. ನಿಮ್ಮ ಮಜ್ಜೆಯ ಸೆಲ್‌ಗಳಲ್ಲೂ ಅದೇ ದೋಷದ ಜೀನ್ ಇರುತ್ತದೆ. ಸರಿಯಾಗಿ ಅನುಮತಿ ಪಡೆದು ನಡೆಸುವ ಅಧ್ಯಯನ ಯಾವುದಾದರೂ ಬಂದರೆ ನಾನೇ ಹೇಳುತ್ತೇನೆ. ಅಲ್ಲಿಯವರೆಗೆ ವ್ಯಾಯಾಮ, ಹೃದಯದ ತಪಾಸಣೆ, ಉಸಿರಾಟದ ತಪಾಸಣೆ. ಇವನ್ನು ನೀವಿಬ್ಬರೂ ಸರಿಯಾಗಿ ಮಾಡುತ್ತಿಲ್ಲ."

ಕೊನೆಯ ಮಾತು ನಿಜವಾಗಿತ್ತು. ಅವರು ಬರೆದುಕೊಟ್ಟ ವ್ಯಾಯಾಮದ ಹಾಳೆ ನಮ್ಮನೆಯ ಫ್ರಿಜ್ ಮೇಲೆ ಧೂಳು ತಿನ್ನುತ್ತಿತ್ತು.

ಟ್ಯಾಕ್ಸಿಯಲ್ಲಿ ನಾನು, "ಕೇಳಿಸಿತೇನೋ? ಹಾಳಾದ ಅಚ್ಚಿನಲ್ಲಿ ಮತ್ತೆ ಮುಚ್ಚಳ ಮಾಡಿದ ಹಾಗೆ. ನಿನ್ನ ಕೆಲಸದ ಭಾಷೇಲೇ ಹೇಳ್ತಿದೀನಿ," ಎಂದೆ.

"ಸಾಬೀತಾಗೋವರೆಗೆ ಕಾದರೆ ನನ್ನ ಕಾಲು ಕಾಯುತ್ತಾ?" ಎಂದ.

ಎರಡು ವಾರ ನಾವು ಸರಿಯಾಗಿ ಮಾತಾಡಲಿಲ್ಲ. ಅವನು ಮಾಡಿಸಿಕೊಳ್ಳಲು ತೀರ್ಮಾನಿಸಿದ, ನಾನು ಬೇಡವೆಂದೆ. ಬೆನ್ನಿಗೆ ಸೂಜಿ ಚುಚ್ಚುವುದಕ್ಕೆ ಭಯವೆಂದು ಎಲ್ಲರಿಗೂ ಹೇಳಿದೆ. ನಿಜವಾದ ಕಾರಣ ಬೇರೆ. ಬೆಳಿಗ್ಗೆ ಬೆಳಿಗ್ಗೆ ಎದ್ದು ಇವತ್ತು ಕಾಲು ಹಗುರವಾಯಿತೇ ಎಂದು ನೋಡಿಕೊಳ್ಳುವ ಬದುಕು ನನಗೆ ಬೇಕಿರಲಿಲ್ಲ.

ಅವನು ಸೇರಿದ ಆಸ್ಪತ್ರೆಯ ವೈದ್ಯರೂ ಸುಳ್ಳು ಆಸೆ ಹುಟ್ಟಿಸಲಿಲ್ಲ. ಕೆಲವರಿಗೆ ಅನುಕೂಲ ಕಂಡಿದೆ, ಗ್ಯಾರಂಟಿ ಕೊಡಲಾಗುವುದಿಲ್ಲ ಎಂದು ಬರೆದು ಸಹಿ ಹಾಕಿಸಿಕೊಂಡರು. ಸೊಂಟದ ಮೂಳೆಯಿಂದ ಮಜ್ಜೆ ತೆಗೆದ ದಿನ ಮಧ್ಯಾಹ್ನ ನಾನು ಹೋದಾಗ ಅವನು ಬೋರಲು ಮಲಗಿದ್ದ. "ಹೇಗಿದೀಯೋ?" ಎಂದರೆ, "ಬಾಳೆದಿಂಡಿಗೆ ತೂತು ಕೊರೆದ ಹಾಗಾಯ್ತು," ಎಂದ. ಅಮ್ಮ ಒಂದು ಡಬ್ಬಿ ತುಂಬ ಬಿಸಿಬೇಳೆಭಾತು ತಂದಿದ್ದಳು. ಅವನು ಬೋರಲು ಮಲಗಿಕೊಂಡೇ ಅದನ್ನು ಪೂರ್ತಿ ಮುಗಿಸಿದ.

ಇಂಜೆಕ್ಷನ್ನುಗಳಾದ ಮೇಲೆ ಅಲ್ಲಿ ದಿನವೂ ವ್ಯಾಯಾಮ ಕಲಿಸುತ್ತಿದ್ದರು. ಕಲಿಸುವಾಕೆ ವಿಜಾಪುರದ ಕಡೆಯ ಹೆಣ್ಣುಮಗಳು, ಗಟ್ಟಿ ದನಿ. ನಾನು ಗೋಡೆಗೆ ಒರಗಿ ನಿಂತು ನೋಡುತ್ತಿದ್ದೆ. ನಮ್ಮ ಕನ್ನಡ ಕಿವಿಗೆ ಬಿದ್ದದ್ದೇ ಆಕೆ ನನ್ನ ಕಡೆ ತಿರುಗಿದಳು.

"ಅಕ್ಕಾರ, ನೀವ್ಯಾಕ ಸುಮ್ನ ನಿಂತೀರಿ? ನಿಮ್ಮ ನಡಿಗಿ ನೋಡಿದ ಕೂಡಲೇ ನನಗ ಗೊತ್ತಾತು. ಬರ್ರಿ, ನೀವೂ ಮಾಡ್ರಿ."

"ನಾನು ಪೇಶೆಂಟ್ ಅಲ್ಲ, ಇವನ ಅಕ್ಕ."

"ಅಕ್ಕ ಆದ್ರ ಕಾಲು ಬ್ಯಾರೆ ಏನ್ರಿ? ಬರ್ರಿ."

ಹೀಗೆ ಶುರುವಾಯಿತು. ಕುರ್ಚಿಯಿಂದ ಏಳುವುದು, ಹಿಮ್ಮಡಿ ಎಳೆಯುವುದು, ಮಲಗಿ ಸೊಂಟ ಎತ್ತುವುದು, ಉಸಿರು ತುಂಬಿಕೊಂಡು ನಿಧಾನವಾಗಿ ಬಿಡುವುದು. ಹುರುಪಿನಲ್ಲಿ ನಾನು ಎರಡರಷ್ಟು ಮಾಡಲು ಹೋದಾಗ ಆಕೆ ಗದರಿಸಿದಳು. "ಹೆಚ್ಚ ಮಾಡಿದ್ರ ಜಲ್ದಿ ಆರಾಮ ಆಗ್ತದ ಅಂತ ತಿಳಕೋಬ್ಯಾಡ್ರಿ. ಈ ಬ್ಯಾನಿಯೊಳಗ ಉಲ್ಟಾ ಆಗ್ತದ. ಮರುದಿನ ನೋವು ಉಳೀತಂದ್ರ ನಿನ್ನಿ ಜಾಸ್ತಿ ಆಗೇತಿ ಅಂತ ಅರ್ಥ." ತಮ್ಮನನ್ನು ಮನೆಗೆ ಕಳಿಸಿದ ಮೇಲೂ ಆಕೆ ವಾರಕ್ಕೊಮ್ಮೆ ಕಾಂದಿವಲಿಗೆ ಬಂದು ಹೇಳಿಕೊಡುತ್ತಿದ್ದಳು. ಭಾನುವಾರಗಳಂದು ನಾನೂ ಅಮ್ಮನೂ ಅಲ್ಲಿಗೆ ಹೋಗತೊಡಗಿದೆವು.

ಅಳತೆಯ ಮನುಷ್ಯ ಸುಮ್ಮನಿರುತ್ತಾನೆಯೇ? ತಮ್ಮ ಒಂದು ಗಿಡ್ಡ ಸ್ಟೂಲು ತಂದು, ಅದರ ಮೇಲೆ ಇಡಲು ಒಂದೇ ದಪ್ಪದ ಎಂಟು ಹಲಗೆ ಮಾಡಿಸಿದ. ಎಂಟೂ ಹಲಗೆ ಇಟ್ಟರೆ ಸ್ಟೂಲು ಎತ್ತರ, ಏಳುವುದು ಸುಲಭ. ಒಂದೊಂದೇ ತೆಗೆಯುತ್ತಾ ಹೋಗಬೇಕು. ಕೈ ಊರದೆ ಎಷ್ಟು ಕೆಳಗಿನಿಂದ ಎದ್ದೆವೆನ್ನುವುದು ತಿಂಗಳ ಅಂಕ. ಮೊದಲ ಸಲ ಇಬ್ಬರೂ ಏಳು ಹಲಗೆಯಿಂದ ಎದ್ದೆವು. ಮಹಡಿಯ ಪ್ಯಾಸೇಜಿನಲ್ಲಿ ಈ ತುದಿಯಿಂದ ಆ ತುದಿಗೆ ನಡೆದ ಸಮಯವನ್ನೂ ಅವನು ಬರೆದುಕೊಂಡ. ಪಕ್ಕದ ಮನೆಯ ಗುಜರಾತಿ ಅಜ್ಜಿ ಕುರ್ಚಿ ಹಾಕಿಕೊಂಡು ಕೂತು, ನಾನು ಮುಂದಾದರೆ ನನಗೆ, ಅವನು ಮುಂದಾದರೆ ಅವನಿಗೆ ಚಪ್ಪಾಳೆ ತಟ್ಟುತ್ತಿದ್ದರು.

ಮೂರನೆಯ ತಿಂಗಳು ತಮ್ಮ ಐದು ಹಲಗೆಯಿಂದ ಎದ್ದ. ಅವನ ಹೆಂಡತಿ ಎಲ್ಲರಿಗೂ ಶ್ರೀಖಂಡ ಹಂಚಿದಳು. "ನೋಡಿದ್ಯಾ? ಸೆಲ್ ಕೆಲಸ ಶುರು ಮಾಡಿವೆ," ಎಂದು ಅವನು ತೊಡೆ ತಟ್ಟಿಕೊಂಡ. ನನ್ನ ಸರದಿ ಬಂತು. ನಾನೂ ಆರು ದಾಟಿ ಐದಕ್ಕೆ ಕೂತೆ. ಮುಂದೆ ಬಾಗಿದೆ, ಕಾಲು ಹಿಂದಕ್ಕೆಳೆದುಕೊಂಡೆ, ಆಕೆ ಹೇಳಿಕೊಟ್ಟ ಹಾಗೆ ಉಸಿರು ಬಿಡುತ್ತಾ ಎದ್ದೇಬಿಟ್ಟೆ.

ತಮ್ಮ ಬಂದು ಹಲಗೆಗಳನ್ನು ಮತ್ತೊಮ್ಮೆ ಎಣಿಸಿದ.

"ನೀನು ಯಾವ ಸೆಲ್ ಹಾಕಿಸ್ಕೊಂಡೆ?" ಎಂದ ತಮ್ಮ.

"ಅವಳಿಗೆ ನಾನು ಮನೇಲೇ ಸ್ಟೀಮ್ ಕೊಟ್ಟಿದ್ದು," ಎಂದಳು ಅಮ್ಮ. ನೆಗಡಿಯಾದಾಗ ಕೊಟ್ಟಿದ್ದಳು, ಸುಳ್ಳಲ್ಲ. ನಕ್ಕು ನಕ್ಕು ನಾನು ಮತ್ತೆ ಸ್ಟೂಲಿನ ಮೇಲೆ ಕೂತೆ. ಆ ಸಲ ಏಳಲಾಗದೆ ತಮ್ಮನ ಹೆಂಡತಿ ಕೈ ಕೊಡಬೇಕಾಯಿತು.

ವರ್ಷ ತುಂಬಿದಾಗ ಅವನು ಎಲ್ಲವನ್ನೂ ಗ್ರಾಫ್ ಹಾಳೆಯಲ್ಲಿ ಎಳೆದ. ಅವನದು ನೀಲಿ ಗೆರೆ, ನನ್ನದು ಕೆಂಪು. ಎರಡೂ ಮೊದಲು ಏರಿ, ಆಮೇಲೆ ಮಟ್ಟಸವಾಗಿ, ಜೊತೆಜೊತೆಗೇ ಸಾಗಿದ್ದವು. ಅದನ್ನು ಸುರುಳಿ ಸುತ್ತಿಕೊಂಡು ಡಾಕ್ಟರ ಬಳಿಗೆ ಹೋದೆವು. ಅವರು ಹಾಳೆಯನ್ನು ಬಹಳ ಹೊತ್ತು ನೋಡಿದರು.

"ಇಷ್ಟು ಶ್ರದ್ಧೆಯ ಪೇಶೆಂಟುಗಳನ್ನು ನಾನು ನೋಡಿಲ್ಲ," ಎಂದು ನಕ್ಕು, ಆಮೇಲೆ ತಮ್ಮನಿಗೆ ನೇರವಾಗಿ ಹೇಳಿದರು. "ಇದರಿಂದ ಸ್ಟೆಮ್ ಸೆಲ್ ಕೆಲಸ ಮಾಡಿತು ಅಂತಲೂ ಹೇಳಲಾಗುವುದಿಲ್ಲ, ಮಾಡಲಿಲ್ಲ ಅಂತಲೂ ಹೇಳಲಾಗುವುದಿಲ್ಲ. ಇಬ್ಬರನ್ನು ಇಟ್ಟುಕೊಂಡು ಅಂಥ ಮಾತು ಆಡಬಾರದು. ಆದರೆ ನೀವಿಬ್ಬರೂ ವ್ಯಾಯಾಮ ಮಾಡಿದ್ದೀರಿ. ಅಷ್ಟು ವರ್ಷ ಮಾಡದಿದ್ದವರು ಮಾಡಿದರೆ ಸ್ವಲ್ಪ ಚೇತರಿಕೆ ಕಾಣುತ್ತದೆ. ಕಾಯಿಲೆ ಎಲ್ಲಿಗೂ ಹೋಗಿಲ್ಲ. ಇದನ್ನು ನಿಲ್ಲಿಸಬೇಡಿ."

ಹೊರಗೆ ಬಂದು ಫುಟ್‌ಪಾತಿನ ಅಂಗಡಿಯಲ್ಲಿ ಅರ್ಧ ಲೋಟದ ಕಟಿಂಗ್ ಚಹಾ ತೆಗೆದುಕೊಂಡೆವು. ತಮ್ಮ ಗ್ರಾಫ್ ಹಾಳೆಯ ಸುರುಳಿಯನ್ನು ಬಿಚ್ಚಿ ಮತ್ತೆ ಸುತ್ತಿದ. ನಾನು ಗೆದ್ದೆನೆಂದು ಅಂದುಕೊಂಡಾನೋ ಎಂದು ನನಗೆ ಹಿಂಸೆಯಾಯಿತು.

"ಬೇಜಾರಾಯ್ತೇನೋ?"

"ಸ್ವಲ್ಪ ಆಯ್ತು," ಎಂದ. "ಆದರೆ ಮಾಡಿಸ್ಕೊಂಡಿದ್ದಕ್ಕೆ ಪಶ್ಚಾತ್ತಾಪ ಇಲ್ಲ ಕಣೆ. ಏನೂ ಮಾಡ್ದೆ ಕೂತಿದ್ದೆ ಅಂತ ನಾಳೆ ಅನ್ನಿಸಬಾರದಿತ್ತು. ಇನ್ನೊಂದು ಸಲ ಮಾತ್ರ ಮಾಡಿಸ್ಕೊಳಲ್ಲ. ಡಾಕ್ಟ್ರು ಹೇಳ್ದಂಗೆ ಸರಿಯಾದ ಸ್ಟಡಿ ಬಂದರೆ ನೋಡೋಣ, ಆಗ ನೀನೂ ಬರಬೇಕು."

"ಬರ್ತೀನಿ," ಎಂದೆ. ಆಗಲೇ ಮೊದಲ ಬಾರಿಗೆ ನನ್ನ ನಿಜವಾದ ಭಯವನ್ನು ಅವನಿಗೆ ಹೇಳಿದೆ. ಆಸೆ ಇಟ್ಟುಕೊಂಡು ಕಾಯುವುದಕ್ಕೆ ನನಗೆ ಧೈರ್ಯವಿರಲಿಲ್ಲವೆಂದೆ. ಅವನು ಚಹಾದ ಲೋಟ ಕೆಳಗಿಟ್ಟು, "ಸೂಜಿಗೆ ಹೆದರಿದೆ ಅಂದ್ಕೊಂಡು ಒಂದು ವರ್ಷ ಎಲ್ಲರ ಹತ್ರ ನಿನ್ನ ತಮಾಷೆ ಮಾಡಿದೀನಲ್ಲೇ," ಎಂದು ಪೇಚಾಡಿಕೊಂಡ.

ಎರಡನೆಯ ವರ್ಷ ಗೆರೆಗಳು ಸ್ವಲ್ಪ ಕೆಳಗಿಳಿದವು, ಇಬ್ಬರದ್ದೂ. ತಮ್ಮ ಕೋಲು ಹಿಡಿದ. ನಾನು ಲೋಕಲ್ ರೈಲಿನಲ್ಲಿ ಅಂಗವಿಕಲರ ಡಬ್ಬ ಹತ್ತಲು ನಾಚಿಕೊಳ್ಳುವುದನ್ನು ಬಿಟ್ಟೆ; ಅಲ್ಲಿ ಈಗ ನನಗೆ ಗೆಳತಿಯರಿದ್ದಾರೆ.

ಈ ಬೇಸಿಗೆಯಲ್ಲಿ ವಿಜಾಪುರದ ಆಕೆ ಹೊಸ ಯೋಚನೆ ತೆಗೆದಳು. "ನೀರಾಗ ಮಾಡೂಣ್ರಿ. ನೀರಾಗ ಭಾರ ಕಮ್ಮಿ ಆಗ್ತದ." ತಮ್ಮನ ಪಕ್ಕದ ಸೊಸೈಟಿಯಲ್ಲಿ ಈಜುಕೊಳವಿತ್ತು, ಅಲ್ಲಿಯವರು ಭಾನುವಾರ ಬೆಳಿಗ್ಗೆ ಒಂದು ಗಂಟೆ ನಮಗೆ ಬಿಟ್ಟುಕೊಟ್ಟರು. ನಲವತ್ತೈದರ ಹತ್ತಿರದ ನಾನು ಈಜುಡುಗೆ ತೊಟ್ಟದ್ದು ಅದೇ ಮೊದಲು. ಅಮ್ಮ ಎರಡು ಟವೆಲು ಹಿಡಿದು, ಕಣ್ಣು ಬೇರೆ ಕಡೆ ತಿರುಗಿಸಿಕೊಂಡು ದಡದಲ್ಲಿ ಕೂತಿದ್ದಳು.

ಕಂಬಿ ಹಿಡಿದು ಇಳಿದೆ. ನೀರು ಎದೆಯ ಮಟ್ಟಕ್ಕೆ ಬಂದಾಗ ಆಕೆ ನನ್ನೆರಡು ಕೈ ಹಿಡಿದುಕೊಂಡು, "ಈಗ ಜಿಗೀರಿ ಅಕ್ಕಾರ," ಎಂದಳು.

"ಜಿಗಿಯೋದಾ? ನಾನು ಜಿಗಿದು ಇಪ್ಪತ್ತು ವರ್ಷ ಆಯ್ತು."

"ಅದಕ್ಕ ಹೇಳಾಕತ್ತೇನಿ. ಜಿಗೀರಿ."

ಜಿಗಿದೆ. ಎರಡು ಪಾದಗಳೂ ನೆಲ ಬಿಟ್ಟವು. ನಾನು ಮೇಲೆ ಹೋದೆ, ನಿಧಾನವಾಗಿ ಕೆಳಗೆ ಬಂದೆ, ಬೀಳಲಿಲ್ಲ. ಮತ್ತೆ ಜಿಗಿದೆ. ಪಕ್ಕದಲ್ಲಿ ತಮ್ಮ ಒಂಟಿ ಕಾಲಿನಲ್ಲಿ ಕುಂಟಾಬಿಲ್ಲೆ ಆಡುತ್ತಾ ನನ್ನ ಮುಖಕ್ಕೆ ನೀರೆರಚಿದ. ನಾನೂ ಎರಚಿದೆ. "ಇಬ್ಬರೂ ಮಕ್ಕಳಾಗಿಬಿಟ್ರಿ, ನೀರು ಕುಡಿದೀರಿ, ಹುಷಾರು!" ಎಂದು ಅಮ್ಮ ದಡದಿಂದ ಕೂಗುತ್ತಲೇ ಇದ್ದಳು. ಗಂಟೆ ಮುಗಿದರೂ ನಾವು ಮೇಲೆ ಬರಲಿಲ್ಲ. ಕೊನೆಗೆ ತಮ್ಮನ ಹೆಂಡತಿ ಬಿಸಿ ಬಟಾಟೆವಡೆಯ ಪೊಟ್ಟಣ ಬಿಚ್ಚಿ ದಡದಲ್ಲಿಟ್ಟಳು. ಸೊಂಟದ ಮಟ್ಟದ ನೀರಿನಲ್ಲಿ ನಿಂತೇ ನಾವಿಬ್ಬರೂ ಎರಡೆರಡು ತಿಂದೆವು.