ಎಡಕ್ಕೆ ಮುಖ ಮಾಡಿದ ಗಾಳ

ವಿಶಾಖಪಟ್ಟಣದಿಂದ ವಿಜಯವಾಡಕ್ಕೆ ನನಗೆ ವರ್ಗವಾದಾಗ ಮನೆಯ ಸಾಮಾನೆಲ್ಲ ಲಾರಿಯಲ್ಲಿ ಹೋಯಿತು. ಒಂದು ವೈಸ್ ಮಾತ್ರ ರೈಲಿನಲ್ಲಿ, ನನ್ನ ತೊಡೆಯ ಮೇಲೆ ಬಂತು. ಗ್ಯಾರೇಜಿನಲ್ಲಿ ಕಬ್ಬಿಣ ಕಚ್ಚಿ ಹಿಡಿಯುವ ದಪ್ಪ ವೈಸಲ್ಲ. ಗೇಣುದ್ದದ ಕಂಬ, ಕಂಬದ ತಲೆಗೆ ಒಂದು ಅಡ್ಡ ತೋಳು. ತೋಳಿನ ಒಂದು ತುದಿಗೆ ಗುಬ್ಬಿಯ ಕೊಕ್ಕಿನಷ್ಟು ದವಡೆ, ಇನ್ನೊಂದು ತುದಿಗೆ ತಿರುಗಿಸುವ ಹಿಡಿ. ದವಡೆಯಲ್ಲಿ ಮೀನಿನ ಗಾಳ ಸಿಕ್ಕಿಸಿ ಹಿಡಿ ತಿರುಗಿಸಿದರೆ ಗಾಳ ಇದ್ದಲ್ಲೇ ಗಿರಗಿರ ತಿರುಗುತ್ತದೆ. ತಿರುಗುವ ಗಾಳಕ್ಕೆ ನೂಲು, ಕೋಳಿಯ ಗರಿ ಸುತ್ತಿ, ಮೀನಿನ ಕಣ್ಣಿಗೆ ಹುಳುವೋ ಸೀಗಡಿಯೋ ಅನ್ನಿಸುವಂಥದ್ದನ್ನು ಕಟ್ಟುತ್ತಾರೆ. ಅದಕ್ಕೆ ಫ್ಲೈ ಎಂದು ಹೆಸರು. ನನ್ನ ಗಂಡನಿಗಿದ್ದ ಹುಚ್ಚು ಅದು.

ಎದುರು ಸೀಟಿನ ಹೆಂಗಸು, "ಅದೇಮಿಟಂಡೀ?" ಎಂದು ಕೇಳಿದರು. ಹೊಲಿಗೆ ಮಿಷನ್ನಿನ ಭಾಗ ಅಂದೆ. ಪಕ್ಕದಲ್ಲಿದ್ದ ನನ್ನ ಅತ್ತೆ ಕಿಟಕಿಯ ಕಡೆ ಮುಖ ತಿರುಗಿಸಿಕೊಂಡರು.

ಗಂಡ ಬಂದರಿನ ಕಚೇರಿಯಲ್ಲಿ ಕೆಲಸಕ್ಕಿದ್ದರು. ಯಾವುದೋ ಹಡಗಿನ ಇಂಜಿನಿಯರ್ ಒಬ್ಬ ಈ ವಿದ್ಯೆ ಹತ್ತಿಸಿಹೋದ. ಭಾನುವಾರ ಬೆಳಿಗ್ಗೆ ಸಮುದ್ರದ ಬಂಡೆಗಳ ಮೇಲೆ ನಿಂತು ಗಾಳ ಬೀಸುವುದು, ಸಿಕ್ಕಿದ ಮೀನನ್ನು ನೀರಿಗೇ ಬಿಟ್ಟು ಬರುವುದು. ನಮ್ಮದು ಮೊಟ್ಟೆಯೂ ಒಳಗೆ ಬಾರದ ಮನೆ. "ತಿನ್ನಂಗಿಲ್ಲ, ಉಣ್ಣಂಗಿಲ್ಲ, ಆ ಮೀನಿನ ಬಾಯಿ ಯಾಕ ಹರೀತೀರಿ?" ಎಂದು ನಾನು ರೇಗಿಸುತ್ತಿದ್ದೆ. ಕೋಳಿ ಅಂಗಡಿಯಿಂದ ಹುಂಜದ ಗರಿ ತಂದು, ನನ್ನದೇ ಶಾಂಪೂ ಹಾಕಿ ತೊಳೆದು ಒಣಗಿಸುತ್ತಿದ್ದರು. ಗರಿ ಮನೆಯೊಳಗೆ ಬಂದರೆ ಊಟ ಬಿಡುತ್ತೇನೆ ಎಂದು ಅತ್ತೆ ಹೆದರಿಸಿದ ಮೇಲೆ ಆ ಸಂಸಾರವೆಲ್ಲ ಬಾಲ್ಕನಿಗೆ ಹೋಯಿತು. ಬಂದರಿನ ಕೆಂಪು ಧೂಳು ಒಳಗೆ ಬರುತ್ತದೆಂದು ಬಾಲ್ಕನಿಯ ಗಾಜಿನ ಬಾಗಿಲು ನಾನು ಸದಾ ಮುಚ್ಚಿಯೇ ಇಡುತ್ತಿದ್ದೆ. ಹಾಗಾಗಿ ಅವರು ಫ್ಲೈ ಕಟ್ಟುವಾಗ ನನಗೆ ಕಂಡದ್ದು ಬೆನ್ನು ಮಾತ್ರ.

ಒಂದು ದಿನ ಎದೆನೋವು ಅಂದರು. ಆಸ್ಪತ್ರೆಗೆ ಹೋದೆವು. ನಾನೊಬ್ಬಳೇ ವಾಪಸು ಬಂದೆ.

ಆಮೇಲೆ ನನಗೆ ಏನೂ ಆಗಲಿಲ್ಲ. ಇದನ್ನು ಹೇಗೆ ಹೇಳಬೇಕೋ ತಿಳಿಯದು. ಧಾರವಾಡದಿಂದ ಬಂದ ತವರಿನವರು ನನ್ನ ತಬ್ಬಿಕೊಂಡು ಅತ್ತರು. ಅವರ ತಲೆಯೆಣ್ಣೆಯ ವಾಸನೆ ನೆನಪಿದೆ, ಅಷ್ಟೇ. ಬ್ಯಾಂಕಿಗೆ ಹೋದೆ, ಬಂದೆ. ವರ್ಗದ ಆದೇಶ ಬಂತು, ಸರಿ ಅಂದೆ. ಹಲ್ಲಿನ ಡಾಕ್ಟರು ಸೂಜಿ ಚುಚ್ಚಿದ ಮೇಲೆ ತುಟಿ ನಮ್ಮದಲ್ಲದ ಹಾಗೆ ಇರುತ್ತದಲ್ಲ, ಇಡೀ ಮೈ ಹಾಗೆ ಇತ್ತು. ಗಟ್ಟಿ ಹೆಂಗಸು ಎಂದು ಜನ ಹೊಗಳಿದರು. ಹೊಗಳಿದವರ ಮೇಲೆ ಸಿಟ್ಟಾದರೂ ಬರಬೇಕಿತ್ತು, ಅದೂ ಬರಲಿಲ್ಲ.

ಬಾಲ್ಕನಿ ಖಾಲಿ ಮಾಡುವ ದಿನ ನೋಡಿದೆ. ವೈಸಿನ ದವಡೆಯಲ್ಲಿ ಅರ್ಧ ಕಟ್ಟಿದ ಫ್ಲೈ ಹಾಗೇ ಇತ್ತು. ಕಂದು ಗರಿ ಗಾಳದ ನಡುವಿನ ತನಕ ಸುತ್ತಿ ಬಂದು ನಿಂತಿತ್ತು. ಗರಿ ಬಿಚ್ಚದಿರಲೆಂದು ಅದರ ತುದಿಗೆ ಸಣ್ಣದೊಂದು ಕ್ಲಿಪ್ ಜೋತುಬಿದ್ದಿತ್ತು, ಪಕ್ಕದಲ್ಲಿ ನೂಲಿನ ಬಾಬಿನ್. ಅವರ ಕೈ ಕೊನೆಯದಾಗಿ ಮಾಡಿದ ಕೆಲಸ ಆ ಸುತ್ತುಗಳು. ಅವುಗಳಲ್ಲಿ ಒಂದನ್ನೂ ಬಿಚ್ಚದೆ ಉಳಿದದ್ದನ್ನು ಮುಗಿಸಬೇಕು, ವರ್ಷಾಂತಿಕದೊಳಗೆ ಮುಗಿಸಬೇಕು ಅನ್ನಿಸಿತು. ಆ ತಿಂಗಳುಗಳಲ್ಲಿ ನನಗೆ ಏನಾದರೂ ಬೇಕೆನ್ನಿಸಿದ್ದು ಅದೊಂದೇ. ಮುಗಿಸಿದರೆ ಅಳು ಬಂದೀತು ಎಂಬ ಆಸೆಯೂ ಒಳಗಿತ್ತು, ಮುಚ್ಚಿಡುವುದೇಕೆ?

ವಿಜಯವಾಡದ ಮನೆಯಲ್ಲಿ ಅತ್ತೆಯ ಕಣ್ಣಿಗೆ ಬೀಳದ ಹಾಗೆ ಮಲಗುವ ಕೋಣೆಯ ಮೇಜಿಗೆ ವೈಸ್ ಬಿಗಿದು, ಬಾಗಿಲು ಹಾಕಿಕೊಂಡು ಕಲಿಯತೊಡಗಿದೆ. ಗುರು ಯಾರೆಂದರೆ ಫೋನಿನ ವಿಡಿಯೋದಲ್ಲಿ ಬರುವ ಒಬ್ಬ ಬಿಳಿ ಗಡ್ಡದ ಪರದೇಶಿ. ಅವನ ಇಂಗ್ಲಿಷು ಅರ್ಧ ತಿಳಿಯುತ್ತಿರಲಿಲ್ಲ, ಕೈ ನೋಡಿಕೊಂಡು ಕಲಿತೆ. ಅವನ ವೈಸಿನಲ್ಲಿ ಗಾಳದ ಮೂತಿ, ಅಂದರೆ ದಾರ ಕಟ್ಟುವ ತುದಿ, ಬಲಕ್ಕಿತ್ತು, ನಮ್ಮದರಲ್ಲಿ ಎಡಕ್ಕೆ. ಬಾಲ್ಕನಿ ಖಾಲಿ ಮಾಡುವಾಗ ಸಾಮಾನು ಕಟ್ಟಿದವರು ಎಳೆದಾಡಿ ತಿರುಗಿಸಿಟ್ಟಿದ್ದಾರೆ ಎಂದು ಅವರನ್ನು ಬೈದು, ಸರಿಯಾಗಿ ಬಲಕ್ಕೆ ತಿರುಗಿಸಿ ಬಿಗಿದೆ. ಗಂಡನ ಫ್ಲೈಯನ್ನು ಬಾಬಿನ್, ಕ್ಲಿಪ್ ಸಮೇತ ಮೆಲ್ಲಗೆ ಬಿಡಿಸಿ ಹಪ್ಪಳದ ಡಬ್ಬಿಯಲ್ಲಿ ಹತ್ತಿಯ ಮೇಲೆ ಮಲಗಿಸಿದೆ. ಮೊದಲು ಹೊಸ ಗಾಳಗಳ ಮೇಲೆ ಕೈ ಪಳಗಲಿ ಅಂತ.

ಮೊದಮೊದಲು ಬಾಬಿನ್ನನ್ನು ವೈಸಿನ ಪಕ್ಕದ ಕಡ್ಡಿಗೆ ನೇತುಹಾಕುವುದು ಮರೆತು ಹಿಡಿ ತಿರುಗಿಸುತ್ತಿದ್ದೆ, ನೂಲೂ ಗರಿಯೂ ಒಟ್ಟಿಗೆ ಸುತ್ತಿಕೊಂಡು ಬಚ್ಚಲ ಮೋರಿಯಲ್ಲಿ ಸಿಕ್ಕ ಕೂದಲಿನ ಹಾಗಾಗುತ್ತಿತ್ತು. ಗಾಳವನ್ನು ಕೊಂಚ ಮೇಲೆ ಕಚ್ಚಿಸಿದರೂ ಸಾಕು, ತಿರುಗುವಾಗ ಕುಂಟುತ್ತಿತ್ತು. ಒಂದು ಕೈ ಗರಿಯನ್ನು ಅಲ್ಲಾಡದಂತೆ ಹಿಡಿಯಬೇಕು, ಇನ್ನೊಂದು ಕೈ ತಿರುಗಿಸಬೇಕು. ಸುತ್ತುವುದು ಕೈಯಲ್ಲ, ಗಾಳ. ಇಷ್ಟು ತಲೆಗೆ ಹೋಗಲು ನನಗೆ ಒಂದು ಬೇಸಿಗೆಯೇ ಬೇಕಾಯಿತು. ಕೊನೆಗೆ ಹೊಸ ಗಾಳದ ಮೇಲೆ ಗರಿ ಅಂದವಾಗಿ ಕೂತಿತು. ಸಂತೋಷವೇನೂ ಆಗಲಿಲ್ಲ.

ಆಮೇಲೆ ಅವರದನ್ನು ದವಡೆಗೆ ಸಿಕ್ಕಿಸಿ, ಕ್ಲಿಪ್ ಹಿಡಿದು, ವಿಡಿಯೋದಲ್ಲಿ ಕಲಿತ ದಿಕ್ಕಿಗೇ ಹಿಡಿ ತಿರುಗಿಸಿದೆ. ಗರಿ ಮುಂದಕ್ಕೆ ಸುತ್ತುವುದರ ಬದಲು ಹಿಂದಕ್ಕೆ ಬಿಚ್ಚಿಕೊಂಡಿತು. ತಕ್ಷಣ ನಿಲ್ಲಿಸಿದೆ. ಅವರು ಸುತ್ತಿದ್ದು ಒಂದು ಸುತ್ತು ಹೋಗಿತ್ತು. ಮತ್ತೊಂದು ದಿನ ಇನ್ನೂ ಹುಷಾರಾಗಿ ಪ್ರಯತ್ನಿಸಿದೆ, ಇನ್ನೊಂದು ಹೋಯಿತು. ಹೊಸದರ ಮೇಲೆ ಆಗುವುದು ಇದರ ಮೇಲೆ ಯಾಕಾಗದು? ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂದು ನನ್ನನ್ನೇ ಬೈದುಕೊಂಡು ಡಬ್ಬಿ ಮುಚ್ಚಿದೆ. ನನ್ನ ಕೈ ಅವರಿಗೆ ಬೇಡವಾಗಿದೆ ಅನ್ನಿಸಿತು. ಹೀಗೆ ಅನ್ನಿಸಿದ್ದೂ ದೂರದ ಸುದ್ದಿಯ ಹಾಗಿತ್ತು.

ವರ್ಷಾಂತಿಕ ಹತ್ತಿರ ಬಂತು. ಕೃಷ್ಣೆಯ ದಡದಲ್ಲಿ ಮಾಡುವುದೆಂದು ಪುರೋಹಿತರಿಗೆ ಹೇಳಿ ಆಗಿತ್ತು. ಒಂದು ಮಧ್ಯಾಹ್ನ ಕರೆಂಟು ಹೋಗಿ ಕೋಣೆ ಕಾದ ಹೆಂಚಾಯಿತು. ಇನ್ನೊಂದೇ ಸಲ ನೋಡೋಣ ಎಂದುಕೊಂಡಿದ್ದೆ. ಬೇರೆ ದಾರಿಯಿಲ್ಲದೆ, ಅವರ ಫ್ಲೈ ಸಿಕ್ಕಿಸಿದ್ದ ವೈಸನ್ನು ನಡುಮನೆಗೆ ತಂದು ಕಿಟಕಿಯ ಹಲಗೆಗೆ ಬಿಗಿದೆ. ಅತ್ತೆ ನೆಲದ ಮೇಲೆ ಕೂತು ಪುಂಡಿಸೊಪ್ಪು ಬಿಡಿಸುತ್ತಿದ್ದರು. ಬಳ್ಳಾರಿಯಿಂದ ಮದುವೆಯಾಗಿ ತೆಲುಗರ ನಡುವೆ ಬಂದು ಬಾಳಿದವರು. ಅವರ ಕನ್ನಡದಲ್ಲಿ ಈಗ ಎರಡೂ ಕಲಸಿಹೋಗಿದೆ. ಗರಿ ಕಂಡು ಬೈಯುತ್ತಾರೆ ಎಂದುಕೊಂಡೆ. ಬೈಯಲಿಲ್ಲ. ವೈಸಿನ ಕಡೆ ಕತ್ತು ಚಾಚಿದರು.

"ಅದನ್ಯಾಕಮ್ಮಾ ತಿರುವಿ ಇಟ್ಟೀಯ?" ಅಂದರು.

"ಹಿಂಗ ಇರಬೇಕ್ರಿ ಅತ್ಯಾರ. ವಿಡಿಯೋದಾಗ ಹಿಂಗ ಐತ್ರಿ."

"ವಿಡಿಯೋದಾಗ ಇರಬಹುದು. ನಮ್ಮೋನು ಆ ಕಡೆ ಮಕ ಮಾಡಿ ಇಡ್ತಿದ್ದ. ಅವನಿಗೆ ಎಡಗೈ ಅಲವಾಟು, ಅದೇ ರೂಢಿ, ಅಲ್ವೇನಮ್ಮಾ."

ಎಡಗೈ? ಊಟ ಬಲಗೈ, ಸಹಿ ಬಲಗೈ, ಅಕ್ಷತೆ ಹಾಕಿದ್ದು, ತೀರ್ಥ ತಗೊಂಡದ್ದು, ಎಲ್ಲ ನೋಡಿದವಳು ನಾನು. "ಅವರು ಎಡಚ ಅಲ್ಲರೀ," ಅಂದೆ.

ಅತ್ತೆ ಸೊಪ್ಪಿನ ಕಡ್ಡಿ ಕೆಳಗಿಟ್ಟರು. "ಹುಟ್ಟಾ ಎಡಚ. ಸಿಂಹಾಚಲದಾಗ ಸಣ್ಣೋನಿದ್ದಾಗ ಪ್ರಸಾದಕ್ಕ ಎಡಗೈ ಚಾಚಿದ, ಪೂಜಾರಿ ಕೈ ಹಿಂದಕ್ಕ ತಗೊಂಡುಬಿಟ್ಟ. ಮಂದಿ ಎಲ್ಲ ನೋಡಿದ್ರು. ಮನೀಗೆ ಬಂದಮ್ಯಾಲೆ ಉಣ್ಣೋವಾಗ, ಬರಿಯೋವಾಗ, ಆ ಕೈನ ನನ್ನ ಸೆರಗಿನ ತುದೀಗೆ ಕಟ್ಟಿ ಪಕ್ಕದಾಗ ಕೂರಿಸ್ಕೊಳ್ತಿದ್ದೆ. ಹೊಡೀಲಿಲ್ಲಮ್ಮಾ. ಕಟ್ಟಿದೆ, ಅಷ್ಟೇ. ಕಲ್ತ. ಇದರ ಮುಂದ ಕುಂತಾಗ ಮಾತ್ರ ಆ ಕೈ ಬಿಡ್ತಿದ್ದ. ನಾನು ನೋಡೀನಿ. ನಿಂಗ ಹೇಳಿದ್ದಿಲ್ಲೇನು?"

"ಇಲ್ಲರೀ," ಅಂದೆ.

ವೈಸಿನ ತಿರುಪು ಸಡಿಲಿಸಿ, ಗಾಳದ ಮೂತಿ ಎಡಕ್ಕೆ ಬರುವ ಹಾಗೆ ತಿರುಗಿಸಿ ಬಿಗಿದೆ. ಈಗ ಹಿಡಿ ನನ್ನ ಬಲಗೈಗೆ ಬಂತು. ಗರಿಯನ್ನು ಎಡಗೈಯಲ್ಲಿ ಹಿಡಿಯಬೇಕಾಯಿತು, ನೀರಿನ ಚೊಂಬು ಬಿಟ್ಟರೆ ಏನೂ ಹಿಡಿದು ಗೊತ್ತಿಲ್ಲದ ನನ್ನ ಪೆದ್ದು ಎಡಗೈಯಲ್ಲಿ. ಮೆಲ್ಲಗೆ, ಕಲಿತ ದಿಕ್ಕಿಗೇ ತಿರುಗಿಸಿದೆ. ನಾನು ಬಿಚ್ಚಿದ್ದ ಸುತ್ತುಗಳು ಒಂದೊಂದಾಗಿ ತಮ್ಮ ಜಾಗಕ್ಕೆ ಹೋಗಿ ಕೂತವು. ಆಮೇಲೆ ಗರಿ ಮುಂದಕ್ಕೆ, ಅವರು ನಿಲ್ಲಿಸಿದ ಜಾಗ ದಾಟಿ ಹೊರಟಿತು.

ಆಗ ಕಾಫಿ ನೆನಪಾಯಿತು. ದಿನಾ ಬೆಳಿಗ್ಗೆ ಕಾಫಿ ಮಾಡುತ್ತಿದ್ದವರು ಅವರೇ. ಅಡುಗೆಮನೆಯಿಂದ ಲೋಟ ಹಿಡಿದು ಬಂದು, ನನ್ನ ಮುಂದೆ ಅರೆಗಳಿಗೆ ನಿಂತು, ಲೋಟವನ್ನು ಈ ಕೈಯಿಂದ ಆ ಕೈಗೆ ಬದಲಿಸಿ ಕೊಡುತ್ತಿದ್ದರು. ಮದುವೆಯಾದಾಗಿನಿಂದ, ಒಂದು ದಿನವೂ ತಪ್ಪದೆ.

"ಅತ್ಯಾರ, ಕಾಫಿ ಕೊಡೂ ಮುಂದ ಲೋಟ ಕೈ ಬದಲಿ ಮಾಡ್ತಿದ್ರಲ್ಲ," ಅಂದೆ. "ಬಿಸಿ ಇರತೈತಿ ಅಂತ ತಿಳಕೊಂಡಿದ್ದೆ."

"ಬಿಸಿ ಅಲ್ಲಮ್ಮಾ," ಅಂದರು ಅತ್ತೆ. "ಹೆಂಡತಿ ಕೈಗೆ ಎಡಗೈಲಿ ಏನೂ ಕೊಡಬ್ಯಾಡ ಅಂತ ಮದುವಿ ದಿನ ನಾನೇ ಹೇಳಿದ್ದೆ."

ಅಳು ಬಂತು. ವರ್ಷದಿಂದ ಎಲ್ಲಿತ್ತೋ, ಮೂಗು ಬಾಯಿ ಒಂದಾಗುವ ಹಾಗೆ ಬಂತು. ಒರೆಸಿಕೊಳ್ಳಲು ಕೈ ಇರಲಿಲ್ಲ. ಬಲಗೈ ಹಿಡಿಯ ಮೇಲೆ, ಎಡಗೈಯಲ್ಲಿ ಗರಿ. ಒಂದು ಬಿಟ್ಟರೂ ಎಲ್ಲ ಬಿಚ್ಚಿಹೋಗುತ್ತಿತ್ತು. ಅತ್ತೆ ಮೊಣಕಾಲು ಹಿಡಿದುಕೊಂಡು ಎದ್ದು ಬಂದು, ತಮ್ಮ ಸೆರಗಿನ ತುದಿಯಿಂದ ನನ್ನ ಮುಖ ಒರೆಸಿದರು. ನಾನು ಗರಿ ಬಿಡಲಿಲ್ಲ.