ಹನ್ನೊಂದನೆಯ ಪ್ರಶ್ನೆ, ನಾಲ್ಕು ಹದ್ದು

ನಾನು ಬರವಣಿಗೆಯಲ್ಲಿ ಹೇಳಿದ ಮೊದಲ ಸುಳ್ಳು ಒಂದೇ ಪದದ್ದು: ‘ಹೌದು’. ಅದನ್ನು ಬರೆದದ್ದು ನೌಕರಿಯ ಅರ್ಜಿಯೊಂದರ ಹನ್ನೊಂದನೆಯ ಪ್ರಶ್ನೆಯ ಮುಂದೆ: ‘ಕೆಲಸದ ನಿಮಿತ್ತ ಪ್ರವಾಸ ಮಾಡಲು ಸಿದ್ಧರಿದ್ದೀರಾ?’ ಉತ್ತರಕ್ಕೆ ಬಿಟ್ಟಿದ್ದು ಬೆರಳಗಲದ ಜಾಗ. ನಿಜ ಹೇಳುವವನಿಗೆ ಅದು ಸಾಲದು, ಸುಳ್ಳಿಗೆ ಧಾರಾಳ.

ನಿಜವೇನೆಂದರೆ, ಬಸ್ಸು ಹತ್ತಿದರೆ ನನಗೆ ವಾಂತಿ. ನಮ್ಮೂರು ಅಕ್ಕೋಳದಿಂದ ನಿಪ್ಪಾಣಿ ಎಷ್ಟು ದೂರ? ಒಂದು ಎಲೆ ಅಡಿಕೆ ಜಗಿದು ಮುಗಿಸುವಷ್ಟು. ಅಷ್ಟರಲ್ಲೇ ನನಗೆ ಕಿಟಕಿ ಬೇಕಾಗುತ್ತಿತ್ತು. ಚಿಕ್ಕೋಡಿಯ ಕಾಲೇಜಿಗೆ ಮೂರು ವರ್ಷ ಓಡಾಡಿ ಬಿ.ಎಸ್‌ಸಿ. ಮುಗಿಸಿದೆ ಎಂದು ಮನೆಯವರು ಹೇಳುತ್ತಾರೆ. ತಲೆ ಹೊರಗಿಟ್ಟುಕೊಂಡೇ ಮುಗಿಸಿದ ಎಂದು ಕಂಡಕ್ಟರುಗಳು ಸೇರಿಸಿಯಾರು. ಇದಕ್ಕೆ ಲೋಕದ ಔಷಧ ಹಸಿಶುಂಠಿ. ಆದರೆ ನಮ್ಮದು ಜೈನರ ಮನೆ. ನೆಲದೊಳಗಿನ ಗಡ್ಡೆ ಅಡುಗೆಮನೆಯ ಹೊಸ್ತಿಲು ದಾಟುವಂತಿಲ್ಲ. ಒಣಗಿದ ಮೇಲೆ ಅದರಲ್ಲಿ ಜೀವವಿಲ್ಲ, ಆದ್ದರಿಂದ ಒಣಶುಂಠಿಗೆ ದೋಷವಿಲ್ಲ. ಅವ್ವ ಅದರ ತುಂಡೊಂದನ್ನು ನನ್ನ ಕರವಸ್ತ್ರದ ತುದಿಗೆ ಗಂಟು ಹಾಕುತ್ತಿದ್ದಳು. ಅದರಿಂದ ವಾಂತಿ ನಿಲ್ಲಲಿಲ್ಲ. ಅದಕ್ಕೊಂದು ಪರಿಮಳ ಬಂತು, ಅಷ್ಟೆ.

ಅರ್ಜಿ ಬಂದದ್ದು ಪಂಪ್‌ಸೆಟ್ಟು ಮಾರುವ ಕಂಪನಿಯೊಂದರಿಂದ. ಎಂಬತ್ತೇಳನೆಯ ಇಸವಿ ಇರಬೇಕು, ಎಂಬತ್ತಾರೂ ಇರಬಹುದು. ನನ್ನ ನೆನಪಿಗೆ ಎಲ್ಲವನ್ನೂ ಒಪ್ಪವಾಗಿ ಜೋಡಿಸಿಡುವ ಚಟವಿದೆ, ಅದನ್ನು ಪೂರ್ತಿ ನಂಬಬೇಡಿ. ನಂಬಬಹುದಾದದ್ದು ಇಷ್ಟು: ಡಿಗ್ರಿ ಮುಗಿಸಿ ಮೂರು ವರ್ಷ ಮನೆಯಲ್ಲಿ ಕೂತಿದ್ದೆ, ಈ ಕೆಲಸವೂ ತಪ್ಪಿದರೆ ಇನ್ನೊಂದಕ್ಕೆ ವಯಸ್ಸಿನ ಮಿತಿ ಮೀರುತ್ತಿತ್ತು.

ಪಡಸಾಲೆಯಲ್ಲಿ ಕೂತು ಪ್ರಶ್ನೆಯನ್ನು ಗಟ್ಟಿಯಾಗಿ ಓದಿದೆ.

‘ಪ್ರವಾಸಾ? ಯಾವ ಕ್ಷೇತ್ರಕ್ಕಂತ?’ ಎಂದಳು ಅವ್ವ. ಅವಳ ಪಾಲಿಗೆ ಪ್ರವಾಸವೆಂದರೆ ಬುತ್ತಿ ಕಟ್ಟಿಕೊಂಡು ದೂರದ ಬಸದಿಗೆ ಹೋಗುವುದು.

ಅಪ್ಪ ಅರ್ಧ ಆಯುಷ್ಯವನ್ನು ನಿಪ್ಪಾಣಿಯ ಪೇಟೆಯಲ್ಲಿ, ಮರಾಠಿಯಲ್ಲಿ ಕಳೆದವನು. ‘ಏ, ಆ ಪ್ರವಾಸ ಅಲ್ಲ. ಫಿರತಿ. ಫಿರತಿ ನೌಕರಿ ಇದು. ಊರೂರು ತಿರಗೂದು.’

‘ತಿರಗೂದಾ?’ ಊರಲ್ಲೇ ಮದುವೆಯಾಗಿದ್ದ ಅಕ್ಕ ಅಂದು ಮನೆಗೆ ಬಂದಿದ್ದಳು. ‘ಮೂರ್ ವರ್ಷ ಅದನ್ನ ಮಾಡ್ಯಾನಲ್ಲ, ಪಗಾರಿಲ್ಲದ!’

ನೋಡಿ, ಒಂದೇ ಪ್ರಶ್ನೆ ಮೂರು ಬಾಯಿಗೆ ಬಿದ್ದು ಪುಣ್ಯವೂ ಆಯಿತು, ಉದ್ಯೋಗವೂ ಆಯಿತು, ಉಡಾಳತನವೂ ಆಯಿತು.

‘ಎಲ್ಲಿತನಕ ತಿರಗಬೇಕಪಾ?’ ಅವ್ವ ಕೇಳಿದಳು.

‘ಚಿಕ್ಕೋಡಿ, ರಾಯಬಾಗ, ಕುಡಚಿ. ಹೊಳಿ ದಾಟಿ ಕಾಗವಾಡ, ಅಥಣಿ. ಮುಕ್ಕಾಮು ಅಥಣಿಯೊಳಗ.’

ಹೊಳೆ ಎಂದರೆ ಕೃಷ್ಣೆ. ಅವ್ವನ ಮುಖ ಸಣ್ಣದಾಯಿತು. ‘ಹೊಳಿ ಈಚೀಕಡೆ ಅಷ್ಟ ಅಂತ ಬರಿ. ಮಳಿಗಾಲದಾಗ ನೀ ಅಲ್ಲಿ ಜಡ್ಡ ಬಿದ್ರ ನಾ ಹೆಂಗ ಬರ್ಲಿ? ನನಗ ಹದ್ದ ಇರ್ತೈತಿ.’

ಈ ಹದ್ದಿನ ವಿಷಯ ಹೇಳಬೇಕು. ನಮ್ಮ ಮುನಿಗಳು ಮಳೆಗಾಲದ ನಾಲ್ಕು ತಿಂಗಳು ಒಂದೇ ಊರಿನಲ್ಲಿ ನಿಲ್ಲುತ್ತಾರೆ. ಹಸಿ ನೆಲದಲ್ಲಿ ನಡೆದರೆ ಕಾಲಡಿಗೆ ಎಷ್ಟೋ ಜೀವ. ಹನ್ನೊಂದನೆಯ ಪ್ರಶ್ನೆಯನ್ನು ಅವರ ಮುಂದಿಟ್ಟರೆ ‘ಎಂಟು ತಿಂಗಳು ಹೌದು, ನಾಲ್ಕು ತಿಂಗಳು ಇಲ್ಲ, ಬಸ್ಸಂತೂ ಎಂದೂ ಇಲ್ಲ’ ಎನ್ನುತ್ತಾರೇನೋ. ಸಂಸಾರಿಗಳಿಗೂ ಇದರದೊಂದು ಸಣ್ಣ ರೂಪವಿದೆ. ಆ ನಾಲ್ಕು ತಿಂಗಳು ಈ ದಿಕ್ಕಿಗೆ ಇಲ್ಲಿಯವರೆಗೆ, ಆ ದಿಕ್ಕಿಗೆ ಅಲ್ಲಿಯವರೆಗೆ ಮಾತ್ರ ಹೋಗುತ್ತೇನೆಂದು ಮುನಿಗಳ ಮುಂದೆ ಗಡಿ ಹೇಳಿ ನೇಮ ಹಿಡಿಯುವುದು. ಪಂಡಿತರು ಅದನ್ನು ದೇಶವ್ರತ ಎನ್ನುತ್ತಾರೆ, ಅವ್ವ ಹದ್ದು ಎನ್ನುತ್ತಾಳೆ. ಚಿಕ್ಕವನಿದ್ದಾಗ ನಾನು ಊರಿನ ನಾಲ್ಕು ದಿಕ್ಕಿಗೆ ನಾಲ್ಕು ಹದ್ದುಗಳು ರೆಕ್ಕೆ ಮಡಿಚಿ ಕೂತಿವೆ, ಅವ್ವ ದಾಟಿದರೆ ಕುಕ್ಕುತ್ತವೆ ಎಂದು ತಿಳಿದಿದ್ದೆ. ಅವಳ ಹದ್ದುಗಳು ಎಂದೂ ಜಾಗ ಬದಲಿಸಿರಲಿಲ್ಲ: ಪಡುವಲಕ್ಕೆ ನಿಪ್ಪಾಣಿ, ಮೂಡಲಕ್ಕೆ ಚಿಕ್ಕೋಡಿ, ಉಳಿದೆರಡು ಕಡೆ ನಮ್ಮ ಹೊಲದ ಬದು.

‘ಈಚೀಕಡೆ ಅಷ್ಟ ಅಂತ ಬರದ್ರ, ಮನ್ಯಾಗ ಅಷ್ಟ ಕೂಡು ಅಂತಾರ,’ ಎಂದ ಅಪ್ಪ. ‘ಹೌದಂತ ಬರಿಲೇ.’

ಬರೆದೆ. ಅವ್ವ ಎದ್ದು ಒಳಗೆ ಹೋದಳು.

ಸಂದರ್ಶನ ಚಿಕ್ಕೋಡಿಯಲ್ಲಿತ್ತು. ‘ಫಿರತಿಗೆ ತ್ರಾಸ ಏನಿಲ್ಲಲ್ರಿ?’ ಎಂದರು ಸಾಹೇಬರು. ‘ಏನಿಲ್ರಿ,’ ಎಂದೆ. ಅವರು ನನ್ನ ಅಂಗಿಯ ತೋಳನ್ನೇ ನೋಡಿದರು. ‘ಬಸ್ಸಿನ್ಯಾಗ ಕಿಡಕಿ ಕಡೆ ಕೂತಿದ್ರಿ, ಕಾಣ್ತೈತಿ.’ ಈ ಮಾತನ್ನು ಅವರು ಆಡಿದರೋ, ಮರಳಿ ಬರುವಾಗ ಅದೇ ಕಿಟಕಿಯಲ್ಲಿ ನಾನೇ ಅವರ ಬಾಯಿಗೆ ಇಟ್ಟೆನೋ, ಹೇಳಲಾರೆ. ತೋಳಿನ ಕಲೆ ಮಾತ್ರ ನಿಜ. ಕೆಲಸ ಸಿಕ್ಕಿದ್ದೂ ನಿಜ.

ಆಷಾಢದ ಹೊತ್ತಿಗೆ ನಾನು ಅಥಣಿಯಲ್ಲಿ ಖೋಲಿ ಹಿಡಿದು, ದ್ರಾಕ್ಷಿ ತೋಟದವರಿಗೆ ಪಂಪಿನ ಗುಣಗಾನ ಮಾಡುತ್ತಿದ್ದೆ. ಹಾಗಾಗಿ ಆ ವರ್ಷ ಅವ್ವ ನೇಮ ಹಿಡಿದದ್ದನ್ನು ನಾನು ನೋಡಲಿಲ್ಲ. ಅಕ್ಕ ಹೇಳಿದ್ದು ಇದು: ಪಡುವಲಕ್ಕೆ ಎಂದಿನಂತೆ ನಿಪ್ಪಾಣಿ ಎಂದ ಅವ್ವ, ಮೂಡಲಕ್ಕೆ ಬಂದಾಗ ‘ಅಥಣಿ’ ಎಂದಳಂತೆ.

‘ಅಷ್ಟ್ ದೂರ ಯಾಕವ್ವಾ? ಹೋಗೂದೈತೇನು?’ ಎಂದರಂತೆ ಮುನಿಗಳು.

‘ಹೋಗೂದೇನಿಲ್ರಿ ಮಾರಾಜ್. ಹೋಗಾಕ ಬರಬೇಕ್ರಿ.’

ಆ ನಾಲ್ಕು ತಿಂಗಳಲ್ಲಿ ನನಗೊಂದು ನೆಗಡಿ ಕೂಡ ಆಗಲಿಲ್ಲ. ಅವ್ವ ಅಥಣಿ ಇರಲಿ, ನಿಪ್ಪಾಣಿಗೂ ಹೋಗಲಿಲ್ಲ. ಆದರೂ ಕುಡಚಿ ದಾಟಿ ಬಸ್ಸು ಕೃಷ್ಣೆಯ ಮೇಲೆ ಬಂದಾಗ, ತಲೆ ಹೊರಗಿಟ್ಟು ಕೆಳಗಿನ ರಾಡಿ ನೀರನ್ನು ನೋಡುತ್ತ, ಈ ದಾರಿ ಅವಳಿಗೂ ತೆರೆದಿದೆ ಎಂದುಕೊಳ್ಳುತ್ತಿದ್ದೆ. ಶುಂಠಿ ಮಾಡದ ಕೆಲಸವನ್ನು ಅದು ಅಷ್ಟಿಷ್ಟು ಮಾಡುತ್ತಿತ್ತು.

ಇಲ್ಲಿಗೆ ನಿಲ್ಲಿಸಿದ್ದರೆ ಚೆನ್ನಾಗಿತ್ತು. ಆದರೆ ಕೆಲವು ವರ್ಷಗಳ ಮೇಲೆ ಈ ಮಾತು ತೆಗೆದಾಗ ಅಕ್ಕ ಕಣ್ಣರಳಿಸಿದಳು. ‘ನಾ ಯಾವಾಗ ಹೇಳೀನೋ? ಬಸ್ಸಿನ್ಯಾಗ ಕೂತು ಕಥಿ ಕಟ್ಟಾಕತ್ತಿ ನೀ!’ ಇರಬಹುದು. ಸಾಹೇಬರ ಬಾಯಿಗೆ ಮಾತಿಟ್ಟವನು ಅವ್ವನ ಬಾಯಿಗೆ ಇಡಲಾರನೆ? ಅವಳನ್ನೇ ಕೇಳಬಹುದಿತ್ತು. ‘ಇಲ್ಲ’ ಎಂದುಬಿಟ್ಟರೆ ಎಂಬ ಭಯಕ್ಕೆ ಹತ್ತು ವರ್ಷ ಕೇಳಲಿಲ್ಲ.

ಈ ಬೇಸಿಗೆಯ ಕೊನೆಗೆ ಬಡ್ತಿಯ ಅರ್ಜಿ ಬಂತು. ಮತ್ತೆ ಅದೇ ಬೆರಳಗಲದ ಜಾಗ. ರಜೆಗೆ ಅಕ್ಕೋಳಕ್ಕೆ ಹೋದವನು ಪಡಸಾಲೆಯಲ್ಲಿ ಕೂತು ಗಟ್ಟಿಯಾಗಿ ಓದಿದೆ: ‘ರಾಜ್ಯದ ಯಾವುದೇ ಭಾಗಕ್ಕೆ ಹೋಗಲು ಸಿದ್ಧರಿದ್ದೀರಾ?’

ಅವ್ವ ಅಕ್ಕಿ ಆರಿಸುತ್ತಿದ್ದಳು. ಮೊರದಿಂದ ತಲೆ ಎತ್ತಲಿಲ್ಲ.

‘ಹೌದಂತ ಬರೀಪಾ,’ ಎಂದಳು. ‘ಖರೆ ಈ ರಾಜ್ಯ ಮೂಡಲಕ್ಕ ಎಲ್ಲಿತನಕ ಐತಿ, ಅಷ್ಟ್ ನೋಡಿ ಹೇಳು. ಆಷಾಢ ಬಂತು. ಪ್ರತಿ ಸಲದಂಗ ಅಥಣಿ ಅಂದ್ರ ಈ ಸರ್ತಿ ಸಾಲೂದಿಲ್ಲಲ್ಲ.’

ನಾನು ಪೆನ್ನು ಕೆಳಗಿಟ್ಟು, ಹಳೆಯ ಶಾಲಾ ನಕ್ಷೆ ಹುಡುಕಲು ಎದ್ದೆ.